ಬನ್ನಿ ಅಂತ ಕರೆದವರಿಗೆ ಬರಬೇಡಿ ಅಂತ ಹೇಗೆ ಹೇಳೋದು? ಭಾನುವಾರ ತಂಗಿ ಮದುವೆ

ತಿಪಟೂರಿನ ಅಣ್ಣ
2020 ಮಾರ್ಚ್ 13, ಶುಕ್ರವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಏನು ಮಾಡಬೇಕೋ ತೋಚುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗೊತ್ತಿದ್ದವರು ದಯವಿಟ್ಟು ಈ ರಾತ್ರಿಯೇ ಉತ್ತರ ಕೊಡಿ.

ನಾಡಿದ್ದು ಭಾನುವಾರ ನನ್ನ ತಂಗಿಯ ಮದುವೆ. ನಮ್ಮೂರಲ್ಲೇ ಛತ್ರ. ನಾಳೆ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮುಹೂರ್ತ. ಅಪ್ಪ ತೀರಿಹೋಗಿ ಆರು ವರ್ಷವಾಯಿತು. ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಈ ಮದುವೆ ಮಾಡುತ್ತಿದ್ದೇವೆ. 850 ಪತ್ರಿಕೆ ಹಂಚಿದ್ದೇವೆ. ಬರೀ ಹಂಚಿದ್ದಲ್ಲ. ನಾನು, ಅಮ್ಮ ಬೈಕಿನಲ್ಲಿ ಅರಸೀಕೆರೆ, ತುರುವೇಕೆರೆ, ಗುಬ್ಬಿ ಕಡೆಯೆಲ್ಲ ಸುತ್ತಿ, ಮನೆಮನೆಗೆ ಹೋಗಿ, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, "ಮನೆಮಂದಿಯೆಲ್ಲ ಬರಬೇಕು, ಹಿಂದಿನ ದಿನವೇ ಬರಬೇಕು" ಅಂತ ಕರೆದಿದ್ದೇವೆ.

ಇವತ್ತು ಮುಖ್ಯಮಂತ್ರಿ ಯಡಿಯೂರಪ್ಪನವರು ನಾಳೆಯಿಂದ ಒಂದು ವಾರ ಮಾಲ್, ಸಿನಿಮಾ ಮಂದಿರ ಎಲ್ಲ ಬಂದ್ ಅಂದರು. ಮದುವೆ, ಸಮಾರಂಭ ಅಂತ ಜನ ಸೇರಬಾರದು ಅಂತಲೂ ಹೇಳಿದರು. ಆಗ ನಾನು ಛತ್ರದಲ್ಲಿ ಕುರ್ಚಿ ಎಣಿಸಿಕೊಳ್ಳುತ್ತಿದ್ದೆ. ಶಾಮಿಯಾನದ ಹುಡುಗ ಮೊಬೈಲ್ ತೋರಿಸಿದ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಸೋದರಮಾವ ಹೇಳುತ್ತಾರೆ, "ಅದೆಲ್ಲ ಬೆಂಗಳೂರಿಗೆ. ತಿಪಟೂರಿಗೆ ಯಾವ ಕೊರೊನಾ ಬರುತ್ತೆ? ಈ ಬಿಸಿಲಿಗೇ ಸತ್ತುಹೋಗುತ್ತೆ." ಚಿಕ್ಕಪ್ಪ ಹೇಳುತ್ತಾರೆ, "ಕರೆದು ಆಮೇಲೆ ಬೇಡ ಅಂದರೆ ಸಾಯೋತನಕ ಆಡಿಕೊಳ್ಳುತ್ತಾರೆ." ಅಮ್ಮ ಏನೂ ಹೇಳುತ್ತಿಲ್ಲ. ಒಳಗೆ ಕೂತು ತಾಂಬೂಲದ ಚೀಲಕ್ಕೆ ಎಲೆ ಅಡಿಕೆ ತುಂಬುತ್ತಿದ್ದಾರೆ.

ನನಗೆ ದೊಡ್ಡ ಭಯ ಎರಡು. ಒಂದು, ಅಜ್ಜಿಗೆ 82 ವರ್ಷ, ಉಬ್ಬಸ ಇದೆ. ಇನ್ನೊಂದು, ನನ್ನ ದೊಡ್ಡಮ್ಮನ ಮಗ ಇದೇ 9ನೇ ತಾರೀಖು ದುಬೈನಿಂದ ಬಂದಿದ್ದಾನೆ. ಮದುವೆಗೆ ಅಂತಲೇ ರಜೆ ಹಾಕಿ ಬಂದವನು. ಏರ್‌ಪೋರ್ಟ್‌ನಲ್ಲಿ ಜ್ವರ ಇದೆಯಾ ಅಂತ ನೋಡಿದರಂತೆ, ಫಾರಂ ತುಂಬಿಸಿಕೊಂಡು ಕಳಿಸಿದರಂತೆ. ಚೆನ್ನಾಗಿಯೇ ಇದ್ದಾನೆ. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರು ನಾವು. ತಂಗಿಗೆ ಸರ ತಂದಿದ್ದಾನೆ. ಅವನಿಗೆ ನೀನು ಬರಬೇಡ ಅಂತ ಯಾವ ಬಾಯಲ್ಲಿ ಹೇಳಲಿ?

ಮದುವೆ ಮುಂದಕ್ಕೆ ಹಾಕಬೇಕಾ? ಹಾಕಿದರೆ ಯಾವಾಗ? ಜನ ಕಡಿಮೆ ಮಾಡಿ ನಡೆಸುವುದಾದರೆ ಯಾರನ್ನು ಬಿಡಬೇಕು? ಮಾಡಿದ ಅಡುಗೆ ಸಾಮಾನು ಏನು ಮಾಡಲಿ? ಲಾಡು ಆಗಲೇ ಕಟ್ಟಿ ಆಗಿದೆ.


ಮಿಲಾನ್‌ನಿಂದ ದಾವಣಗೆರೆ ಹುಡುಗಿ
ಮಾರ್ಚ್ 13, ರಾತ್ರಿ 11:25

ಅಣ್ಣ, ನಾನು ಇಟಲಿಯ ಮಿಲಾನ್‌ನಲ್ಲಿ ಓದುತ್ತಿದ್ದೇನೆ. ನಿಮ್ಮ ಸೋದರಮಾವ ಹೇಳಿದ ಮಾತನ್ನೇ ನಾವು ಇಲ್ಲಿ ಮೂರು ವಾರದ ಹಿಂದೆ ಕೇಳಿದ್ದೆವು. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ 21ಕ್ಕೆ ಕೊಡೊನ್ಯೊ ಅಂತ ಒಂದು ಸಣ್ಣ ಊರಲ್ಲಿ ಒಬ್ಬರಿಗೆ ಸೋಂಕು ಇದೆ ಅಂತ ಗೊತ್ತಾಯಿತು. ಇಲ್ಲಿಂದ ರೈಲಿನಲ್ಲಿ ಹೋಗಿ ಬರುವಷ್ಟು ದೂರ. ಅದು ಆ ಊರಿನ ಕಥೆ ಅಂದುಕೊಂಡೆವು. ತಿಂಗಳ ಕೊನೆಗೆ "ಮಿಲಾನ್ ನಿಲ್ಲುವುದಿಲ್ಲ" ಅಂತ ಇಲ್ಲಿ ದೊಡ್ಡ ಪ್ರಚಾರವೇ ನಡೆಯಿತು. ಜನ ಹೋಟೆಲ್ಲು, ಬಾರು ಅಂತ ಓಡಾಡಿಕೊಂಡಿದ್ದರು. ನಾನೂ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಮಾರ್ಚ್ 8ಕ್ಕೆ ನಮ್ಮ ಪ್ರಾಂತ್ಯ ಮುಚ್ಚಿದರು. ಮಾರನೇ ದಿನ ರಾತ್ರಿ ಇಡೀ ದೇಶ ಮುಚ್ಚುತ್ತೇವೆ ಅಂದರು. ನಿನ್ನೆಗೆ ಸತ್ತವರ ಲೆಕ್ಕ ಸಾವಿರ ದಾಟಿದೆ. ಮೂರೇ ವಾರ ಅಣ್ಣ.

ಈಗ ಹಾಲು ತರಲು ಹೋಗಬೇಕಾದರೂ ಯಾಕೆ ಹೊರಗೆ ಬಂದೆ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿ ಇಟ್ಟುಕೊಳ್ಳಬೇಕು. ಅಂಗಡಿ ಮುಂದೆ ಒಬ್ಬರಿಂದ ಒಬ್ಬರು ಒಂದು ಮೀಟರ್ ದೂರ ನಿಲ್ಲುತ್ತೇವೆ. ರಾತ್ರಿಯೆಲ್ಲ ಆಂಬ್ಯುಲೆನ್ಸ್ ಸದ್ದು. ಪಕ್ಕದ ಮನೆಯ ಅಜ್ಜಿ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಾರೆ. ಅವರು ಕಂಡರೆ ಸಾಕು, ಸಮಾಧಾನ ಆಗುತ್ತದೆ.

ನಾನು ಊರಿಗೆ ಬರಬೇಕೆಂದರೆ ಸೋಂಕಿಲ್ಲ ಅಂತ ಸರ್ಟಿಫಿಕೇಟ್ ಬೇಕು. ಚೆನ್ನಾಗಿರುವವರಿಗೆ ಇಲ್ಲಿ ಟೆಸ್ಟೇ ಮಾಡುತ್ತಿಲ್ಲ. ಅಮ್ಮ ದಿನಾ ಅಳುತ್ತಾರೆ. ಆದರೂ ಒಂದು ಮಾತು ಹೇಳುತ್ತೇನೆ. ನಾನು ಇವತ್ತೇ ವಿಮಾನ ಹತ್ತಿ ಬಂದರೂ ಮೊದಲ ಎರಡು ವಾರ ನನ್ನ ಅಜ್ಜಿಯ ಕೋಣೆಗೆ ಕಾಲಿಡುವುದಿಲ್ಲ. ಅಜ್ಜಿಯ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ. ನಿಮ್ಮ ಅಣ್ಣತಮ್ಮಂದಿರ ಮಧ್ಯೆ ಅದನ್ನು ಹಾಗೇ ಹೇಳಿ. ಅವರಿಗೆ ಅರ್ಥ ಆಗುತ್ತದೆ.


ಹಾಸನದ ಅಡುಗೆಯವರು
ಮಾರ್ಚ್ 13, ರಾತ್ರಿ 11:58

ತಮ್ಮಾ, ನಾನು ಮದುವೆ ಅಡುಗೆ ಕಂಟ್ರಾಕ್ಟ್ ಮಾಡುವವನು, 22 ವರ್ಷದಿಂದ. ಸಂಜೆಯಿಂದ ನನಗೆ ನಾಲ್ಕು ಫೋನ್ ಬಂದವು. ನಾಲ್ಕೂ ಮದುವೆ ಮನೆಯವರೇ. ನನ್ನ ಹತ್ತಿರ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಮದುವೆ ನಿಂತರೆ ಅವರ ಮನೆ ಒಲೆಯೂ ನಿಲ್ಲುತ್ತೆ. ಹಾಗಿದ್ದೂ ಹೇಳುತ್ತೇನೆ, ಛತ್ರದ ಊಟ ನಿಲ್ಲಿಸು.

ಯಾಕೆ ಅಂದರೆ ಪಂಕ್ತಿ ಹೇಗೆ ನಡೆಯುತ್ತೆ ಅಂತ ನನಗೆ ಗೊತ್ತು. ಒಂದು ಪಂಕ್ತಿಗೆ ಇನ್ನೂರು ಜನ, ಮೊಣಕೈಗೆ ಮೊಣಕೈ ತಾಗುತ್ತೆ. ಊಟ ಮಾಡುವವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ. ಕೈ ತೊಳೆಯುವ ಕಡೆ ಎಂಟು ನಲ್ಲಿ, ನೂರು ಕೈ. ನನ್ನ ಹುಡುಗ ಒಬ್ಬ ಸೀನಿದರೂ ಅದು ಎಷ್ಟು ಎಲೆ ಮೇಲೆ ಬೀಳುತ್ತೋ ದೇವರೇ ಬಲ್ಲ.

ಈಗ ಸಾಮಾನಿನ ವಿಷಯ. ಎಣ್ಣೆ ಟಿನ್, ಸಕ್ಕರೆ, ಬೇಳೆ, ಗೋಡಂಬಿ ಒಡೆಯದೇ ಇದ್ದರೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗು. ಗುರುತಿನವರಾದರೆ ವಾಪಸ್ ತಗೋತಾರೆ. ಮಧ್ಯಾಹ್ನ ಹೋದರೆ ನಿನ್ನ ಹಾಗೆ ಇನ್ನೂ ಹತ್ತು ಜನ ಬಂದಿರುತ್ತಾರೆ. ತರಕಾರಿ ಇನ್ನೂ ತಂದಿಲ್ಲವಾದರೆ ಈಗಲೇ ಫೋನ್ ಮಾಡಿ ಬೇಡ ಅನ್ನು. ಬಾಳೆ ಎಲೆ ಕೊಯ್ದಿದ್ದರೆ ಆ ದುಡ್ಡು ಹೋಯಿತು ಅಂದುಕೋ, ಆ ರೈತನ ಹತ್ತಿರ ವಾದ ಮಾಡಬೇಡ. ಲಾಡು ಬಗ್ಗೆ ಯೋಚನೆ ಬೇಡ. ಪಾಕ ಸರಿ ಇದ್ದರೆ ಎಂಟು ದಿನ ಏನೂ ಆಗಲ್ಲ. ಪೊಟ್ಟಣ ಕಟ್ಟಿ ಮನೆಗಳಿಗೆ ಕಳಿಸು.

ಇನ್ನೊಂದು ಮಾತು. ನಿನ್ನ ಅಡುಗೆಯವರಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಕೇಳಬೇಡ. ಇಪ್ಪತ್ತು ಜನಕ್ಕೆ ಅಡುಗೆ ಮಾಡಲು ಇಬ್ಬರನ್ನು ಕರಿ. ಉಳಿದ ಹುಡುಗರಿಗೆ ಅರ್ಧ ಕೂಲಿಯನ್ನಾದರೂ ಕೈಗೆ ಕೊಡು. ನಾನೂ ನಾಲ್ಕು ಮನೆಯವರಿಗೆ ಇದನ್ನೇ ಕೇಳಿದ್ದೇನೆ. ಮೂರು ಮನೆಯವರು ಒಪ್ಪಿದ್ದಾರೆ.


ಕಲಬುರಗಿ ಸಿಸ್ಟರ್
ಮಾರ್ಚ್ 14, ಬೆಳಗಿನ ಜಾವ 2:10

ನೈಟ್ ಡ್ಯೂಟಿಯಲ್ಲಿದ್ದೇನೆ. ಕಲಬುರಗಿ ಹತ್ತಿರದ ಒಂದು ತಾಲೂಕು ಆಸ್ಪತ್ರೆಯಲ್ಲಿ ನರ್ಸ್. ಈಗಷ್ಟೇ ಸ್ವಲ್ಪ ಬಿಡುವಾಯಿತು.

ನಿಮಗೆಲ್ಲ ಗೊತ್ತಿರುತ್ತದೆ. ಇದೇ 10ನೇ ತಾರೀಖು ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೌದಿಯಿಂದ ಫೆಬ್ರವರಿ 29ಕ್ಕೆ ಬಂದಿದ್ದವರು. ಕೊರೊನಾ ಅಂತ ಗೊತ್ತಾಗಿದ್ದು 12ನೇ ತಾರೀಖು. ದೇಶದಲ್ಲೇ ಮೊದಲ ಸಾವು. ಅವತ್ತಿನಿಂದ ಇಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುವ ರೀತಿಯೇ ಬದಲಾಗಿದೆ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದ ಸೀಟು ಖಾಲಿ. ನಾನು ಆಸ್ಪತ್ರೆಯಿಂದ ಮನೆಗೆ ಹೋದರೆ ಓನರ್ ಗೇಟಿನ ಒಳಗಿನಿಂದಲೇ ಮಾತಾಡಿಸುತ್ತಾರೆ. ಬೇಜಾರಾಗುತ್ತದೆ. ಆದರೆ ಅವರ ಮನೆಯಲ್ಲಿ ಎರಡು ತಿಂಗಳ ಕೂಸಿದೆ, ಅವರನ್ನೂ ಏನು ಅನ್ನಲಿ?

ನಿಮ್ಮ ಅಣ್ಣನ ವಿಷಯಕ್ಕೆ ಬರುತ್ತೇನೆ. ಏರ್‌ಪೋರ್ಟ್‌ನಲ್ಲಿ ನೋಡಿದ್ದು ಆ ಹೊತ್ತಿಗೆ ಜ್ವರ ಇದೆಯಾ ಅಂತ ಮಾತ್ರ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 14 ದಿನದವರೆಗೂ ಹಿಡಿಯಬಹುದು ಅಂತ ನಮಗೆ ಹೇಳಿದ್ದಾರೆ. ಅವರು ಬಂದದ್ದು 9ಕ್ಕೆ. ಅಂದರೆ 23ರವರೆಗೆ ಬೇರೆ ಕೋಣೆ, ಬೇರೆ ತಟ್ಟೆ ಲೋಟ. ಜ್ವರ, ಕೆಮ್ಮು ಬಂದರೆ ಸೀದಾ ಬಸ್ ಹತ್ತಿ ಆಸ್ಪತ್ರೆಗೆ ಬರಬೇಡಿ, ಮೊದಲು 104ಕ್ಕೆ ಫೋನ್ ಮಾಡಿ.

ಇದನ್ನು ನೀವೇ ಹೇಳಿ. ಚಿಕ್ಕಪ್ಪನ ಕೈಲಿ ಹೇಳಿಸಬೇಡಿ, ವಾಟ್ಸಾಪ್‌ನಲ್ಲಿ ಬರೆಯಬೇಡಿ. ನಮ್ಮ ಆಸ್ಪತ್ರೆಯಲ್ಲಿ ನಾನು ಹೀಗೆ ಹೇಳುತ್ತೇನೆ: "ನಿಮಗೆ ರೋಗ ಇದೆ ಅಂತಲ್ಲ. ಇದೆಯೋ ಇಲ್ಲವೋ ಇನ್ನೂ ಗೊತ್ತಾಗುವ ಹೊತ್ತಲ್ಲ." ಇಷ್ಟು ಹೇಳಿದರೆ ಹೆಚ್ಚಿನವರ ಸಿಟ್ಟು ಇಳಿಯುತ್ತದೆ. ಎಲ್ಲರದ್ದೂ ಅಲ್ಲ.

ಬಾಗಿಲಲ್ಲೇ ಬಕೆಟ್ ನೀರು, ಸೋಪು ಇಡಿ. ಅಕ್ಷತೆ ಹಾಕುವಾಗ ತಲೆ ಮುಟ್ಟಬೇಡಿ, ದೂರದಿಂದ ಹಾಕಿ. ಅಜ್ಜಿಗೆ ಕೋಣೆಯ ಬಾಗಿಲಿನಿಂದಲೇ ಮದುವೆ ಕಾಣುವ ಹಾಗೆ ಕುರ್ಚಿ ಹಾಕಿ. ಕಾಲಿಗೆ ಬೀಳುವುದು ಬೇಡವೇ ಬೇಡ, ಮದುಮಕ್ಕಳೂ ಸಹ.


ನಿವೃತ್ತ ಮೇಷ್ಟ್ರು
ಮಾರ್ಚ್ 14, ಬೆಳಿಗ್ಗೆ 5:40

ಇಂಥ ಮದುವೆ ಹಿಂದೆಯೂ ನಡೆದಿದೆಯಪ್ಪಾ. ನಮ್ಮ ಕಡೆ ಪ್ಲೇಗ್ ಬಂದ ಕಾಲದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು. ಮನೆಯಲ್ಲಿ "ಇಲಿ ಬಿತ್ತು" ಅಂದರೆ ಸಾಕು, ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರಂತೆ. ನಮ್ಮಜ್ಜಿಯ ಅಕ್ಕನ ಧಾರೆ ಆಗಿದ್ದು ರಾಗಿ ಹೊಲದ ಗುಡಿಸಲ ಮುಂದೆ. ಎರಡು ಮನೆಯವರು, ಒಬ್ಬ ಪುರೋಹಿತರು, ಅಷ್ಟೇ. ಅವರ ಸಂಸಾರ ಐವತ್ತು ವರ್ಷ ನಡೆಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಜನ ಹೀಗೇ ಊರಾಚೆ ಹೋದರು. ಆಮೇಲೆ ಗಾಳಿ ಬೆಳಕು ಬರುವ ಅಗಲ ರಸ್ತೆ ಇಟ್ಟು ಬಸವನಗುಡಿ, ಮಲ್ಲೇಶ್ವರ ಕಟ್ಟಿದರು. ಜನ ಸೇರಿದರೆ ರೋಗ ಹರಡುತ್ತೆ ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ವಿಷಯವೇನಲ್ಲ. ನಾವು ಮರೆತಿದ್ದೇವೆ ಅಷ್ಟೇ.

ಮುಹೂರ್ತ ತಪ್ಪಿಸಬೇಡ. ಮನೆಯಲ್ಲೇ ಮಾಡು. ದೂರದ ಊರಿನವರಿಗೆ ಮೊದಲು ಫೋನ್ ಮಾಡು, ಅವರು ಬೆಳಿಗ್ಗೆ ಬಸ್ ಹತ್ತುವ ಮುಂಚೆ.


ತಿಪಟೂರಿನ ಅಣ್ಣ
ಮಾರ್ಚ್ 14, ಬೆಳಿಗ್ಗೆ 6:15

ಎಲ್ಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಮೇಷ್ಟ್ರು ಬರೆದ ಗುಡಿಸಲಿನ ಮದುವೆ ಕೇಳಿ ಅಮ್ಮ ಮೊದಲ ಸಲ ಬಾಯಿ ಬಿಟ್ಟರು. "ಹಾಗಾದರೆ ನಮ್ಮ ಹಿತ್ತಿಲಲ್ಲೇ ಚಪ್ಪರ ಹಾಕಿಸು" ಅಂದರು. ಬೀಗರಿಗೆ ಫೋನ್ ಮಾಡಿದೆ. ಅವರೂ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲವಂತೆ, ಯಾರು ಮೊದಲು ಬಾಯಿ ಬಿಡುವುದು ಅಂತ ಕಾಯುತ್ತಿದ್ದರಂತೆ. ಈಗ ಪಟ್ಟಿ ಹಿಡಿದು ಕೂತಿದ್ದೇನೆ. ಮೊದಲ ಫೋನ್ ಗುಬ್ಬಿಗೆ.


ತಿಪಟೂರಿನ ಅಣ್ಣ
ಏಪ್ರಿಲ್ 6, ಸೋಮವಾರ, ಮಧ್ಯಾಹ್ನ 3:30

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಅವತ್ತು ರಾತ್ರಿ ಉತ್ತರ ಕೊಟ್ಟ ನಾಲ್ವರಿಗೂ ಏನಾಯಿತು ಅಂತ ಹೇಳಬೇಕು ಅಲ್ವಾ.

ಮದುವೆ ಆಯಿತು. ಹಿತ್ತಿಲ ಚಪ್ಪರದಲ್ಲಿ, ಎರಡೂ ಕಡೆ ಸೇರಿ 23 ಜನ. ಶನಿವಾರ ಬೆಳಿಗ್ಗೆ ಆರೂಕಾಲಿನಿಂದ ರಾತ್ರಿ ಒಂಬತ್ತರವರೆಗೆ ನಾನು, ತಂಗಿ, ಚಿಕ್ಕಪ್ಪನ ಮಗ ಮೂರು ಮೊಬೈಲ್ ಹಿಡಿದು ಫೋನ್ ಮಾಡಿದೆವು. ಮದುಮಗಳು ಕೈತುಂಬ ಮೆಹಂದಿ ಹಾಕಿಕೊಂಡು, "ಅತ್ತೆ, ನಾನೇ ಮಾತಾಡ್ತಿರೋದು, ಬರಬೇಡಿ, ಅಲ್ಲಿಂದಲೇ ಹರಸಿ" ಅಂತ ಹೇಳುತ್ತಿದ್ದಳು. ಅವಳು ಹೇಳಿದರೆ ಯಾರೂ ಬೈಯಲಿಲ್ಲ. ನಾನು ಹೇಳಿದಾಗ ಹದಿನೈದು ಇಪ್ಪತ್ತು ಜನ ಬೈದರು. ಒಬ್ಬರು "ಊಟ ಹಾಕೋಕೆ ದುಡ್ಡಿಲ್ಲ ಅನ್ನು, ರೋಗದ ಹೆಸರು ಯಾಕೆ ಹೇಳ್ತೀಯ" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಅಡುಗೆ ಅಣ್ಣ, ನೀವು ಹೇಳಿದಂತೆ ಬೆಳಿಗ್ಗೆಯೇ ಅಂಗಡಿಗೆ ಹೋದೆ. ಎಣ್ಣೆ, ಸಕ್ಕರೆ ವಾಪಸ್ ತಗೊಂಡರು. ಹುಡುಗರಿಗೆ ಅರ್ಧ ಕೂಲಿ ಕೊಟ್ಟೆ. ಛತ್ರದ ಅಡ್ವಾನ್ಸ್ ಬರಲಿಲ್ಲ, ಕೇಳುವುದನ್ನೂ ಬಿಟ್ಟಿದ್ದೇನೆ.

ತಾಂಬೂಲದ್ದೇ ದೊಡ್ಡ ಕೆಲಸವಾಯಿತು. 800 ಕಾಯಿ ತರಿಸಿದ್ದೆವು, ಅದರಲ್ಲಿ 550 ಸುಲಿಸಿ ಜುಟ್ಟು ಬಿಡಿಸಿ ಆಗಿತ್ತು. ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ಸುಲಿದ ಕಾಯನ್ನು ಅಟ್ಟಕ್ಕೆ ಹಾಕಿದರೆ ಕೊಬ್ಬರಿ ಆಗುವುದಿಲ್ಲ, ಒಡೆದು ಕೆಡುತ್ತದೆ. ಸುಲಿಯದ 250 ಅಟ್ಟಕ್ಕೆ ಹೋದವು. ಉಳಿದದ್ದಕ್ಕೆ ಭಾನುವಾರ ಮಧ್ಯಾಹ್ನವೇ ಲಗೇಜ್ ಆಟೋ ಮಾಡಿದೆ. ಒಂದು ಚೀಲದಲ್ಲಿ ಕಾಯಿ, ಎಲೆ ಅಡಿಕೆ, ಎರಡು ಲಾಡು. ಮನೆ ಮುಂದೆ ನಿಂತು ಹಾರ್ನ್ ಹೊಡೆದು, ಜಗುಲಿ ಮೇಲೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದು ಕೈ ಮುಗಿಯುವುದು. ಬುಧವಾರದವರೆಗೆ ಸುತ್ತಿದೆ. ಬೈದವರ ಮನೆಗೂ ಹೋದೆ. ಗುಬ್ಬಿಯಲ್ಲಿ ಒಬ್ಬರು ಅಜ್ಜ ಒಳಗಿನಿಂದ ನೂರು ರೂಪಾಯಿ ಮುಯ್ಯಿ ತಂದು ಜಗುಲಿ ಅಂಚಿನಲ್ಲಿ ಇಟ್ಟು, ಅವರೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತರು.

ಅಷ್ಟರಲ್ಲಿ ಎಲ್ಲ ಬದಲಾಯಿತು. 22ಕ್ಕೆ ಜನತಾ ಕರ್ಫ್ಯೂ. ಬೈದಿದ್ದ ಸೋದರಮಾವನೇ ಅವತ್ತು ಐದು ಗಂಟೆಗೆ ಜಾಗಟೆ ಹಿಡಿದು ಬಾಗಿಲಿಗೆ ಬಂದಿದ್ದರು. 24ರ ರಾತ್ರಿ 21 ದಿನ ದೇಶವೇ ಬಂದ್ ಅಂದರು. ಮಾರನೇ ದಿನ ಯುಗಾದಿ. ಹೊಸ ಅಳಿಯ ಮೊದಲ ಹಬ್ಬಕ್ಕೆ ಬರಬೇಕಿತ್ತು, ಹೋಳಿಗೆಗೆ ಬೇಳೆ ತಂದಿಟ್ಟಿದ್ದೆವು. ಅವರು ಚಿಕ್ಕನಾಯಕನಹಳ್ಳಿಯಲ್ಲೇ ಉಳಿದರು. ವಿಡಿಯೋ ಕಾಲ್‌ನಲ್ಲಿ ಬೇವು ಬೆಲ್ಲ ತಿಂದೆವು. 27ಕ್ಕೆ ನಮ್ಮ ಜಿಲ್ಲೆಯದೇ ಶಿರಾ ಕಡೆಯ ಹಿರಿಯರೊಬ್ಬರು ಇದರಿಂದ ತೀರಿಕೊಂಡರು. ಆ ಸುದ್ದಿ ಬಂದ ದಿನ ನನ್ನನ್ನು ಬೈದವರಲ್ಲಿ ಮೂವರು ಫೋನ್ ಮಾಡಿದರು. ಊಟದ ಮಾತು ಹೇಳಿದವರು ಮಾಡಲಿಲ್ಲ.

ಅಣ್ಣನ ವಿಷಯ. ಸಿಸ್ಟರ್, ನೀವು ಹೇಳಿದ ಮಾತನ್ನೇ ಹೇಳಿದೆ. ಅವನು ಅರ್ಧದಲ್ಲೇ ಫೋನ್ ಇಟ್ಟ. ಮದುವೆಯನ್ನು ವಿಡಿಯೋದಲ್ಲಿ ತೋರಿಸುತ್ತೇನೆ ಅಂದರೂ ನೋಡಲಿಲ್ಲ. ಸರವನ್ನು ದೊಡ್ಡಮ್ಮನ ಕೈಲಿ ಕಳಿಸಿಕೊಟ್ಟ. ದೊಡ್ಡಮ್ಮ ಬಾಗಿಲಲ್ಲೇ ಕೊಟ್ಟು ಒಳಗೆ ಬರದೆ ಹೋದರು. 23ರ ಬೆಳಿಗ್ಗೆ ಅವನೇ ಮೆಸೇಜ್ ಹಾಕಿದ: "14 ದಿನ ಆಯ್ತು. ನನಗೇನೂ ಆಗಲಿಲ್ಲ ನೋಡು." ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ. "ಆಗದೇ ಇದ್ದದ್ದೇ ನನಗೆ ಬೇಕಾಗಿದ್ದು" ಅಂತ ಬರೆದೆ. ಇನ್ನೂ ಉತ್ತರ ಬಂದಿಲ್ಲ. ನಾನು ಮಾಡಿದ್ದು ತಪ್ಪು ಅಂತ ನನಗೆ ಅನಿಸಿಲ್ಲ. ಆದರೆ ಅವನು ಮಾತು ಬಿಟ್ಟಿದ್ದಾನೆ ಅನ್ನುವುದು ದಿನಾ ನೆನಪಾಗುತ್ತದೆ. ಮತ್ತೆ ಫೋನ್ ಮಾಡುತ್ತೇನೆ, ಇವತ್ತಲ್ಲ ನಾಳೆ ಎತ್ತುತ್ತಾನೆ.

ಮಿಲಾನ್ ತಂಗಿ, ನೀವು ಎಲ್ಲಿದ್ದೀರಿ? ಇದನ್ನು ಓದಿದರೆ ಒಂದು ಸಾಲು ಬರೆಯಿರಿ. ಅಮ್ಮ ಕೇಳುತ್ತಾರೆ, "ಆ ಹುಡುಗಿ ಊರಿಗೆ ಬಂದಳಾ?" ಅಂತ. ನಿಮ್ಮ ಪಕ್ಕದ ಮನೆ ಅಜ್ಜಿಯನ್ನೂ ಕೇಳುತ್ತಾರೆ.

ಮಂಡಿ ಬಂದ್ ಆಗಿದೆ, ಮನೆಯಲ್ಲೇ ಇದ್ದೇನೆ. ಅಮ್ಮ ಮದುವೆಗೆ ಅಂತ ತಂದು ಉಳಿದ ರವಿಕೆ ಬಟ್ಟೆಯಲ್ಲಿ ಮಾಸ್ಕ್ ಹೊಲಿಯುತ್ತಿದ್ದಾರೆ. ಬೀದಿಯಲ್ಲಿ ಅರ್ಧ ಜನ ಈಗ ಜರಿ ಅಂಚಿನ ಮಾಸ್ಕ್ ಹಾಕಿಕೊಂಡು ಹಾಲಿಗೆ ಬರುತ್ತಾರೆ.

ಅಜ್ಜಿ ಚೆನ್ನಾಗಿದ್ದಾರೆ. ಆದರೆ ನನ್ನ ಮೇಲೆ ಇನ್ನೂ ಮುನಿಸು. ಅರಸೀಕೆರೆಯಲ್ಲಿ ಅವರ ತಂಗಿ ಇದ್ದಾರೆ, 79 ವರ್ಷ. ಮದುವೆಗೆ ಬಂದು ಹದಿನೈದು ದಿನ ಅಕ್ಕನ ಜೊತೆ ಇರುವುದು ಅಂತ ಮಾತಾಗಿತ್ತು. ಬಟ್ಟೆಯ ಗಂಟು ಕಟ್ಟಿಕೊಂಡು ಕೂತಿದ್ದವರಿಗೆ ನಾನೇ ಬೇಡ ಅಂದೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಎಲ್ಲರೂ ದೀಪ ಹಚ್ಚಿದೆವಲ್ಲ, ಆಗ ಅಜ್ಜಿ ಫೋನ್ ಹಚ್ಚಿಕೊಡು ಅಂದರು. ಇಬ್ಬರೂ ಕತ್ತಲಲ್ಲಿ ಕೂತು ಮುಕ್ಕಾಲು ಗಂಟೆ ಮಾತಾಡಿದರು. ಆ ತಂಗಿಯ ಪಾಲಿನ ತಾಂಬೂಲದ ಚೀಲವನ್ನು ಆಟೋದಲ್ಲಿ ಕಳಿಸಲು ಅಜ್ಜಿ ಬಿಟ್ಟಿರಲಿಲ್ಲ, ನಾನೇ ಕೈಯಾರೆ ಕೊಡುತ್ತೇನೆ ಅಂತ ಇಟ್ಟುಕೊಂಡಿದ್ದರು. ಅವರ ಕೋಣೆಯ ಗೂಟಕ್ಕೆ ನೇತುಹಾಕಿದ್ದಾರೆ. ಎಲೆ ಒಣಗಿದೆ. ಲಾಡನ್ನು ಅಮ್ಮ ಯಾವಾಗಲೋ ತೆಗೆದರು. ಇವತ್ತು ಬೆಳಿಗ್ಗೆ ಅಜ್ಜಿ ಆ ಕಾಯನ್ನು ಹೊರಗೆ ತೆಗೆದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿದೆ ಅಂತ ಮತ್ತೆ ಚೀಲದೊಳಗೆ ಇಟ್ಟರು.